ಮೊದಲು ತಾಟು, ಆಮೇಲೆ ಸೂಜಿ



"ಸೂಜಿ ಆತೇನ್ರಿ? ಹಂಗಾದ್ರ ಇನ್ನ ಅರ್ಧಾ ತಾಸಿಗೆ ಉಣ್ಣಾಕ ನೀಡ್ತೀನಿ." ಯಮಕನಮರಡಿ, ಹತ್ತರಗಿ, ಪಾಶ್ಚಾಪುರದ ಕಡೆ ಸಕ್ಕರೆ ಬ್ಯಾನಿಗೆ ಇನ್ಸುಲಿನ್ ತೆಗೆದುಕೊಳ್ಳುವವರಿರುವ ಮನೆಗಳಲ್ಲಿ ಈ ಮಾತು ಬಾಯಿಪಾಠವಾಗಿದೆ. ಎಂದೋ ಯಾವುದೋ ಡಾಕ್ಟರು ಹೇಳಿದ್ದು. ಹೇಳಿದವರು ಮರೆತರೂ ಅಡುಗೆಮನೆ ಮರೆತಿಲ್ಲ. ಹಳೆಯ ಇನ್ಸುಲಿನ್ನಿಗೆ ಅದು ಸರಿಯಾದ ಮಾತೇ ಆಗಿತ್ತು. ಈಚೆಗೆ ಬೆಳಗಾವಿಗೋ ಗೋಕಾಕಕ್ಕೋ ಹೋಗಿ ಹೊಸ ಚೀಟಿ ಬರೆಸಿಕೊಂಡು ಬಂದವರ ಚೀಲದಲ್ಲಿ ಬೇರೊಂದು ಪೆನ್ನು ಇರುತ್ತದೆ. ಲಿಸ್‌ಪ್ರೊ, ಆಸ್ಪಾರ್ಟ್, ಗ್ಲುಲಿಸಿನ್ ಎಂಬ ಮೂರರಲ್ಲಿ ಒಂದು. ಔಷಧಿ ಅಂಗಡಿಯವರ ಬಾಯಲ್ಲಿ ಇವು ಹ್ಯುಮಲಾಗ್, ನೊವೊರಾಪಿಡ್, ಎಪಿಡ್ರಾ. ಪೆನ್ನು ಬದಲಾಯಿತು, ಅರ್ಧ ತಾಸಿನ ಪಾಠ ಮಾತ್ರ ಹಾಗೇ ಉಳಿಯಿತು. ಈ ಹೊಸದನ್ನು ಚುಚ್ಚಿಕೊಂಡು ಬರಿ ಹೊಟ್ಟೆಯಲ್ಲಿ ಅರ್ಧ ತಾಸು ಕುಳಿತಾಗ ಮೈ ಬೆವೆತು ಕೈ ನಡುಗಿದರೆ ಆಶ್ಚರ್ಯವಿಲ್ಲ.

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಇನ್ಸುಲಿನ್ ಮೇಲೆಯೇ ದಿನ ನಡೆಸುತ್ತಿರುವವನು. ಎಷ್ಟು ಯೂನಿಟ್ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಯಾವಾಗ, ಯಾಕೆ, ಎದುರಿಗೆ ಏನಿದ್ದಾಗ ಎಂಬ ಮಾತನ್ನಷ್ಟೇ ಇಂದು ಆಡುತ್ತೇನೆ. ಇನ್ಸುಲಿನ್ ಬದಲಾದಾಗ ಎಲ್ಲರೂ ಕೇಳುವುದು ಯೂನಿಟ್ಟಿನ ಲೆಕ್ಕ. ನಿಜವಾಗಿ ಬದಲಾಗಬೇಕಾದದ್ದು ಹೊತ್ತಿನ ಲೆಕ್ಕ.

ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಎಲ್ಲಿದೆ? ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಸಂಗಡಿಗರು ಇನ್ಸುಲಿನ್ನನ್ನು ಹೊರತೆಗೆದು, 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದರು. ಅದರೊಳಗಿನ ರಚನೆ ಕಣ್ಣಿಗೆ ಕಂಡದ್ದು 1969ರಲ್ಲಿ, ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್ಕಿನ್ ಅವರ ತಂಡಕ್ಕೆ. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲೇ ನೆಲೆ ನಿಂತರು.  ಆ ತಂಡ ಕಂಡದ್ದು ಇಷ್ಟು: ಇನ್ಸುಲಿನ್ನಿನ ಕಣಗಳು ಬಿಡಿಬಿಡಿಯಾಗಿ ಇರುವುದಿಲ್ಲ, ನಡುವೆ ಸತುವು ಸೇರಿ ಆರಾರರ ಗುಂಪಾಗಿರುತ್ತವೆ. ಬಾಟಲಿಯಲ್ಲಿ ಕೆಡದೆ ಉಳಿಯಲು ಆ ಗುಂಪು ಒಳ್ಳೆಯದು. ಆದರೆ ಚರ್ಮದ ಕೆಳಗೆ ಚುಚ್ಚಿದಾಗ ಗುಂಪು ಒಡೆದು ಒಂದೊಂದು ಕಣವಾಗದ ಹೊರತು ಅದು ರಕ್ತಕ್ಕೆ ಸೇರಲಾರದು. ಒಡೆಯಲು ಹೊತ್ತು ಬೇಕು. ಅರ್ಧ ತಾಸು ಕಾಯಿರಿ ಎಂದದ್ದು ಅದಕ್ಕೇ.

ಇನ್ಸುಲಿನ್ನಿನಲ್ಲಿ ಒಟ್ಟು 51 ಅಮೈನೊ ಆಮ್ಲಗಳಿವೆ. ಒಂದು ಎಳೆಯ ತುದಿಯಲ್ಲಿ, 28 ಮತ್ತು 29ನೆಯ ಸ್ಥಾನದಲ್ಲಿರುವ ಎರಡನ್ನು ಅದಲುಬದಲು ಮಾಡಿದರೆ ಗುಂಪು ಬಿಗಿಯಾಗಿ ಕೂಡುವುದಿಲ್ಲ, ಚುಚ್ಚಿದ ಕೂಡಲೇ ಬಿಡಿಯಾಗುತ್ತದೆ. ಅದೇ ಲಿಸ್‌ಪ್ರೊ, ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆಯಿತು. 28ನೆಯದನ್ನು ತೆಗೆದು ಆಸ್ಪಾರ್ಟಿಕ್ ಆಮ್ಲ ಕೂರಿಸಿದರೆ ಆಸ್ಪಾರ್ಟ್. ಆ ಆಸ್ಪಾರ್ಟಿಗೆ ನಿಯಾಸಿನಮೈಡ್ ಎಂಬ ಬಿ ವಿಟಮಿನ್ ಬೆರೆಸಿ ಇನ್ನೂ ಬೇಗ ರಕ್ತಕ್ಕೆ ಇಳಿಯುವಂತೆ ಮಾಡಿದ್ದು ಫಿಯಾಸ್ಪ್. ಅದು 2017ರ ಮಾತು. ಇದೆಲ್ಲ ದೂರದ ದೇಶದ ವಿದ್ಯೆ ಎಂದುಕೊಳ್ಳಬೇಡಿ. ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲೇ ಮಾರುಕಟ್ಟೆಗೆ ತಂದಿತು. ಅದೇ ಬಳಗದ ಆಸ್ಪಾರ್ಟಿಗೆ 2025ರ ಜುಲೈನಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ರೈತರಿಗೆ ಅರ್ಥವಾಗುವಂತೆ ಹೇಳುವುದಾದರೆ, ಹಳೆಯ ಇನ್ಸುಲಿನ್ ಹಿಡಕಲ್ ಜಲಾಶಯದಿಂದ ಕಾಲುವೆಗೆ ಬಿಟ್ಟ ನೀರು. ಬಿಟ್ಟ ಮೇಲೆ ಹೊಲ ಮುಟ್ಟಲು ಹೊತ್ತು ಹಿಡಿಯುತ್ತದೆ, ಗೇಟು ಇಳಿಸಿದ ಮೇಲೂ ಹರಿಯುತ್ತಲೇ ಇರುತ್ತದೆ. ಹೊಸದು ಹೊಲದ ಬದುವಿನ ಬೋರು: ಗುಂಡಿ ಒತ್ತಿದರೆ ನೀರು, ಬಂದು ಮಾಡಿದರೆ ನಿಂತಿತು. ಅಂಕಿಯಲ್ಲಿ ಹೇಳಬೇಕೆಂದರೆ ಹಳೆಯದು ಸುಮಾರು ಅರ್ಧ ತಾಸಿಗೆ ಶುರುವಾಗಿ, ಎರಡರಿಂದ ನಾಲ್ಕು ತಾಸಿನ ನಡುವೆ ಜೋರಾಗಿ, ಆರೆಂಟು ತಾಸು ಉಳಿಯುತ್ತದೆ. ಹೊಸದು ಹತ್ತಿಪ್ಪತ್ತು ನಿಮಿಷಕ್ಕೆ ಶುರು, ಒಂದೆರಡು ತಾಸಿಗೆ ಜೋರು, ಮೂರರಿಂದ ಐದು ತಾಸಿಗೆ ಮುಗಿಯಿತು. ಅನ್ನ ಹೊಟ್ಟೆಗೆ ಬಿದ್ದು ರಕ್ತದಲ್ಲಿ ಸಕ್ಕರೆ ಏರುವ ಹೊತ್ತಿಗೂ ಇದಕ್ಕೂ ಹೆಚ್ಚು ಹೊಂದಿಕೆ. ಫಿಯಾಸ್ಪನ್ನಂತೂ ಊಟಕ್ಕೆ ಕೂತಾಗ, ಬೇಕಿದ್ದರೆ ಊಟ ಶುರುವಾಗಿ 20 ನಿಮಿಷದೊಳಗೂ ತೆಗೆದುಕೊಳ್ಳಬಹುದು.

ಇದರಿಂದ ಹೆಚ್ಚು ಲಾಭ ಯಾರಿಗೆ ಎಂದು ಕೇಳಿದರೆ, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಎನ್ನುತ್ತೇನೆ. ಕೂಡು ಕುಟುಂಬದ ಊಟದ ಕ್ರಮ ನಿಮಗೆ ಗೊತ್ತೇ ಇದೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ನಡುವೆ ಬಂದ ಬೀಗರು, ಕೊನೆಗೆ ಒಲೆಯ ಮುಂದೆ ರೊಟ್ಟಿ ಬಡಿದವಳು. ಅವಳು ಎಂಟು ಗಂಟೆಗೆ ಸೂಜಿ ತೆಗೆದುಕೊಂಡು ಎಂಟೂವರೆಗೆ ಉಣ್ಣಬೇಕೆಂದು ಡಾಕ್ಟರು ಬರೆದುಕೊಟ್ಟಿರುತ್ತಾರೆ. ಎಂಟೂವರೆಗೆ ಅವಳ ಕೈಯಲ್ಲಿ ಇನ್ನೊಬ್ಬರ ತಾಟು ಇರುತ್ತದೆ. ಒಂಬತ್ತೂಕಾಲಿಗೆ ಉಣ್ಣಲು ಕೂರುವಷ್ಟರಲ್ಲಿ ತಲೆ ಸುತ್ತಿ ಕಣ್ಣಿಗೆ ಕತ್ತಲೆ. ಅದಕ್ಕೆ ಹೆದರಿ ಎಷ್ಟೋ ಜನ ಸೂಜಿಯನ್ನೇ ಬಿಡುತ್ತಾರೆ, ಬಿಟ್ಟದ್ದನ್ನು ಹೇಳುವುದೂ ಇಲ್ಲ. ಹೊಸ ಇನ್ಸುಲಿನ್ ಬಂದರೆ ಅವಳು ಗಡಿಯಾರ ನೋಡಬೇಕಿಲ್ಲ. ತನ್ನ ತಾಟಿಗೆ ರೊಟ್ಟಿ ಪಲ್ಯ ಬಡಿಸಿಕೊಂಡು, ಕೂತು, ಆಮೇಲೆ ಸೂಜಿ. ಅವಳೂ ಎಲ್ಲರ ಸಂಗಡವೇ ಕೂತು ಉಂಡರೆ ಇದಕ್ಕಿಂತ ಅಗ್ಗದ ಔಷಧ ಇನ್ನೊಂದಿಲ್ಲ. ಅದನ್ನು ಚೀಟಿಯಲ್ಲಿ ಬರೆಯುವ ಡಾಕ್ಟರನ್ನು ನಾನು ಇನ್ನೂ ಕಂಡಿಲ್ಲ.

ಮದುವೆ ಮನೆಯಲ್ಲೂ ಅಷ್ಟೇ. ಅಕ್ಷತೆ ಎಷ್ಟು ಗಂಟೆಗೆ, ಪಂಗತ್ತಿಗೆ ಜಾಗ ಸಿಗುವುದು ಎಷ್ಟು ಗಂಟೆಗೆ, ದೇವರಿಗೇ ಗೊತ್ತು. ಎಲೆ ಮುಂದೆ ಬಂದು ಬಡಿಸುವವರು ಕಾಣುವವರೆಗೂ ಪೆನ್ನು ಕಿಸೆಯಲ್ಲೇ ಇರಲಿ. ನಾಲ್ಕು ಜನರೆದುರು ಅಂಗಿ ಎತ್ತಿ ಚುಚ್ಚಿಕೊಳ್ಳಲು ಸಂಕೋಚ ಎನ್ನುವವರಿದ್ದಾರೆ. ಕನ್ನಡಕ ಹಾಕಿಕೊಳ್ಳಲು ಇಲ್ಲದ ಸಂಕೋಚ ಇದಕ್ಕೆ ಯಾಕೆ? ಇನ್ನು ಪಕ್ಕದಲ್ಲಿ ಕೂತವರ ಒತ್ತಾಯ ಇದ್ದದ್ದೇ: "ಸೂಜಿ ತಗೊಂಡೀರಲ್ರಿ, ಇನ್ನೊಂದ ಹೋಳಿಗಿ ಹಾಕ್ಕೋರಿ, ಏನಾಗೂದಿಲ್ಲ." ಸೂಜಿ ತೆಗೆದುಕೊಂಡದ್ದು ಒಂದು ಹೋಳಿಗೆಯ ಲೆಕ್ಕಕ್ಕೆ. ಎರಡನೆಯದು ಆ ಲೆಕ್ಕದಲ್ಲಿ ಇಲ್ಲ.

ಈಗ ನಮ್ಮ ಊಟಕ್ಕೆ ಬರೋಣ. ಹೊಸ ಇನ್ಸುಲಿನ್ ಬಗ್ಗೆ ಬರುವ ಪುಸ್ತಿಕೆಗಳಲ್ಲಿ ಬ್ರೆಡ್ಡು, ಅನ್ನ, ಇಡ್ಲಿ ಕಾಣುತ್ತವೆ, ಜೋಳದ ರೊಟ್ಟಿ ಕಾಣುವುದಿಲ್ಲ. ಜೋಳ ಸಕ್ಕರೆ ಬ್ಯಾನಿಗೆ ಔಷಧ ಎಂಬ ಮಾತು ನಮ್ಮಲ್ಲಿದೆ. ಅದು ಅರ್ಧ ಸತ್ಯ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 34 ಗ್ರಾಂ ಪಿಷ್ಟವಿರುತ್ತದೆ. ಮೂರು ರೊಟ್ಟಿ ಉಂಡವರು ನೂರು ಗ್ರಾಂ ದಾಟಿದರು. ನಿಮ್ಮ ಮನೆಯ ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂದು ಒಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿ. ಡಾಕ್ಟರು ಪಿಷ್ಟದ ಲೆಕ್ಕ ಹೇಳಿಕೊಟ್ಟಾಗ ಅದು ಬೇಕಾಗುತ್ತದೆ. ಇನ್ನರ್ಧ ಸತ್ಯವೆಂದರೆ, ರೊಟ್ಟಿಯ ಜೊತೆ ಎಣ್ಣೆ ಬದನೆಕಾಯಿ, ಝುಣಕ, ಸೇಂಗಾ ಹಿಂಡಿ, ಮೊಸರು ಇರುವಾಗ ಎಣ್ಣೆಯೂ ನಾರೂ ಸೇರಿ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಸಕ್ಕರೆಯೂ ನಿಧಾನವಾಗಿ ಏರುತ್ತದೆ. ಹೊಸ ಇನ್ಸುಲಿನ್ನಿಗೆ ತೊಡಕಾಗುವುದು ಇಲ್ಲೇ. ಅದು ಅವಸರದ್ದು, ನಮ್ಮ ರೊಟ್ಟಿಗೆ ಅವಸರವಿಲ್ಲ. ಉಂಡ ಒಂದು ತಾಸಿಗೆ ಸಕ್ಕರೆ ತೀರಾ ಇಳಿದು, ನಾಲ್ಕು ತಾಸಿಗೆ ಏರಿದ್ದು ಕಂಡರೆ ಗಾಬರಿಯಾಗಬೇಡಿ, ಇನ್ಸುಲಿನ್ ಕೆಟ್ಟಿದೆ ಎಂದು ಎಸೆಯಬೇಡಿ. ಅಂಥ ಊಟಕ್ಕೆ ಸೂಜಿಯನ್ನು ಊಟದ ನಡುವೆಯೋ ಮುಗಿದ ಕೂಡಲೋ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಬಹಳ ವರ್ಷದ ಸಕ್ಕರೆ ಬ್ಯಾನಿಯಿಂದ ಹೊಟ್ಟೆಯ ನರಗಳೇ ಮಂದವಾಗಿರುವ ಹಿರಿಯರಿಗೂ, ಎಷ್ಟು ಉಣ್ಣುತ್ತಾರೋ ಹೇಳಲಾಗದ ಸಣ್ಣ ಮಕ್ಕಳಿಗೂ ಹಾಗೆ ಮಾಡಿಸುವುದುಂಟು. ಅದೇ ಸಜ್ಜಕ, ಬಿಳಿ ಅನ್ನ ಸಾರು, ಉಪವಾಸದ ಸಾಬೂದಾಣಿ ಖಿಚಡಿ ಇವೆಲ್ಲ ಬೇಗ ಏರಿಸುವಂಥವು. ಅವಕ್ಕೆ ಸೂಜಿ ಹತ್ತು-ಹದಿನೈದು ನಿಮಿಷ ಮೊದಲೇ ಆದರೂ ನಡೆಯುತ್ತದೆ, ಅದೂ ಊಟ ಕಣ್ಣೆದುರು ಸಿದ್ಧವಿದ್ದಾಗ ಮಾತ್ರ.

ಇದನ್ನೆಲ್ಲ ಕಣ್ಣಂದಾಜಿನಲ್ಲಿ ತಿಳಿಯಲಾಗದು. ಇನ್ಸುಲಿನ್ ಬದಲಾಯಿಸಿದ ಮೊದಲ ವಾರಗಳಲ್ಲಿ ಊಟಕ್ಕೆ ಮುಂಚೆ, ಉಂಡ ಎರಡು ತಾಸಿಗೆ, ಸಾಧ್ಯವಾದರೆ ನಾಲ್ಕು ತಾಸಿಗೆ ಬೆರಳು ಚುಚ್ಚಿ ನೋಡಿ ಬರೆದಿಡಬೇಕು. ಸಕ್ಕರೆ ನೋಡುವ ಯಂತ್ರದ ಪಟ್ಟಿಗಳ ಬೆಲೆ ಗೊತ್ತು. ದಿನವೂ ಬೇಡ, ವಾರಕ್ಕೆ ಎರಡು ಮೂರು ದಿನ ಸಾಕು. ಸಂಖ್ಯೆಯ ಪಕ್ಕದಲ್ಲಿ ಏನು ಉಂಡಿರಿ ಎಂದೂ ಬರೆಯಿರಿ. ಬರಿ ಸಂಖ್ಯೆ ನೋಡಿದ ಡಾಕ್ಟರು ಯೂನಿಟ್ ಏರಿಸುತ್ತಾರೆ, ರೊಟ್ಟಿ ಎಂದು ಬರೆದದ್ದು ಕಂಡರೆ ಹೊತ್ತು ಬದಲಿಸುತ್ತಾರೆ. ಉಂಡ ಎರಡು ತಾಸಿಗೆ 180ರ ಒಳಗಿದ್ದರೆ ಹೆಚ್ಚಿನವರಿಗೆ ಅದು ಒಳ್ಳೆಯ ಸಂಖ್ಯೆಯೇ. 220 ಕಂಡಿತೆಂದು ಆಗಲೇ ಇನ್ನೊಂದು ಸೂಜಿ ಮಾತ್ರ ಬೇಡ. ಮೊದಲಿನದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಎರಡೂ ಕೂಡಿದರೆ ಮೂರನೆಯ ತಾಸಿಗೆ ಕುಸಿತ.

ಬಹಳ ಜನ ದೂರುವ ಇನ್ನೊಂದು ಸಂಗತಿ ಇದೆ. "ಹೊಸಾದು ಹಾಕಿದ ಮ್ಯಾಲ ಮಧ್ಯಾಹ್ನದ್ದು ಚಲೋ ಬರ್ತೈತ್ರಿ, ಸಂಜಿ ಉಣ್ಣೂಕಿಂತ ಮುಂಚೆ ನೋಡಿದ್ರ ಏರಿರ್ತೈತಿ." ಇದು ಹೊಸದರ ತಪ್ಪಲ್ಲ. ಹಳೆಯ ಇನ್ಸುಲಿನ್ ಆರೆಂಟು ತಾಸು ಉಳಿಯುತ್ತಿತ್ತಲ್ಲ, ಊಟದ ಕೆಲಸ ಮುಗಿಸಿ ಉಳಿದದ್ದು ಸಂಜೆಯವರೆಗೂ ಸಕ್ಕರೆಯನ್ನು ತಗ್ಗಿಸಿ ಹಿಡಿದಿತ್ತು. ಅದಕ್ಕೇ ಆಗ ಹನ್ನೊಂದು ಗಂಟೆಗೊಮ್ಮೆ, ನಾಲ್ಕಕ್ಕೊಮ್ಮೆ ಏನಾದರೂ ತಿನ್ನದಿದ್ದರೆ ಹೊಟ್ಟೆ ಸಂಕಟವಾಗುತ್ತಿತ್ತು. ಹೊಸದು ಆ ಕೆಲಸ ಮಾಡುವುದಿಲ್ಲ. ಊಟ ಮುಗಿದರೆ ಅದರ ಪಾಳಿ ಮುಗಿಯಿತು. ಊಟವಿಲ್ಲದ ಹೊತ್ತನ್ನು ನೋಡಿಕೊಳ್ಳಬೇಕಾದದ್ದು ದಿನಕ್ಕೊಮ್ಮೆ ತೆಗೆದುಕೊಳ್ಳುವ ಉದ್ದ ಅವಧಿಯ ಇನ್ಸುಲಿನ್, ಅಂದರೆ ಗ್ಲಾರ್ಜಿನ್ ತರಹದ್ದು. ಅದರ ಪ್ರಮಾಣ ಕಡಿಮೆಯಿದ್ದದ್ದು ಇಷ್ಟು ದಿನ ಮುಚ್ಚಿಹೋಗಿತ್ತು, ಈಗ ಹೊರಗೆ ಕಂಡಿತು. ಆಗ ಸರಿಪಡಿಸಬೇಕಾದದ್ದು ಆ ಉದ್ದದ್ದನ್ನು. ಊಟದ ಇನ್ಸುಲಿನ್ ಏರಿಸುತ್ತ ಹೋದರೆ ಸಂಜೆಯದು ಇಳಿಯುವುದಿಲ್ಲ, ಮಧ್ಯಾಹ್ನ ನೀವು ಬೀಳುತ್ತೀರಿ. ಇನ್ನೊಂದು ಮಾತು: ಆಗ ತಿನ್ನಲೇಬೇಕಿದ್ದ ನಾಲ್ಕು ಗಂಟೆಯ ಚೂಡಾ ಚಹಾ ಈಗ ಕಡ್ಡಾಯವಲ್ಲ. ತಿಂದರೆ ಅದಕ್ಕೂ ಲೆಕ್ಕವಿದೆ.

ಕಬ್ಬಿನ ಭಾಗದ ನಮಗೆ ಇನ್ನೊಂದು ತೊಂದರೆ ರಾತ್ರಿಯ ನೀರು. ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಒಂಬತ್ತಕ್ಕೆ ಉಂಡು, ಸೂಜಿ ತೆಗೆದುಕೊಂಡು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾನೆ. ಬದುವಿನಿಂದ ಬದುವಿಗೆ ನಡೆದು ಮಡೆ ತಿರುಗಿಸುವುದು ಸಣ್ಣ ದುಡಿಮೆಯಲ್ಲ. ದುಡಿಯುವ ಸ್ನಾಯು ಸಕ್ಕರೆಯನ್ನು ಹೀರುತ್ತದೆ. ಸೂಜಿ ಜೋರಾಗಿರುವ ಹೊತ್ತಿಗೇ ಇದೂ ನಡೆದರೆ ಹತ್ತೂವರೆ ಹನ್ನೊಂದಕ್ಕೆ ಕಬ್ಬಿನ ಗದ್ದೆಯ ನಡುವೆ ಒಬ್ಬನೇ ಇದ್ದಾಗ ಸಕ್ಕರೆ ಕುಸಿಯುತ್ತದೆ. ನೀರಿನ ಪಾಳಿಯ ರಾತ್ರಿ ಯೂನಿಟ್ ಎಷ್ಟು ಕಡಿಮೆ ಮಾಡಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ನೀವು ಹೇಳದಿದ್ದರೆ ಬೆಳಗಾವಿಯ ಡಾಕ್ಟರಿಗೆ ನಮ್ಮ ಕರೆಂಟಿನ ಪಾಳಿ ಗೊತ್ತಿರುವುದಿಲ್ಲ. ಫೋನು, ಬ್ಯಾಟರಿಯ ಜೊತೆ ಕಿಸೆಯಲ್ಲಿ ಸಕ್ಕರೆಯ ಪುಡಿಕೆಯೂ ಇರಲಿ.

ಸಕ್ಕರೆ 70ಕ್ಕಿಂತ ಇಳಿದರೆ, ಯಂತ್ರ ಇಲ್ಲದಾಗ ಬೆವರು, ನಡುಕ, ಎದೆ ಬಡಿತ, ತಲೆ ಮಂಕು ಕಂಡರೆ, ಮೂರು ಚಹಾ ಚಮಚ ಸಕ್ಕರೆಯನ್ನು, ಅಂದರೆ 15 ಗ್ರಾಂ, ನೀರಲ್ಲಿ ಕರಗಿಸಿ ಕುಡಿಯಿರಿ. ಗಾಣದ ಪಕ್ಕದಲ್ಲಿದ್ದರೆ ಸಣ್ಣ ಲೋಟ ಕಬ್ಬಿನ ಹಾಲೂ ಆದೀತು. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಗೋಕಾಕದ ಕರದಂಟು ಎಷ್ಟೇ ಸಿಹಿಯಾಗಿರಲಿ, ಈ ಹೊತ್ತಿಗೆ ಅದು ಬೇಡ. ಅದರೊಳಗಿನ ತುಪ್ಪ, ಗೋಡಂಬಿ, ಅಂಟು ಬೆಲ್ಲವನ್ನು ಬೇಗ ಕರಗಲು ಬಿಡುವುದಿಲ್ಲ. ಕುಂದಾ, ಪೇಡೆಯೂ ಹಾಗೇ. ಸಕ್ಕರೆ ಏರಿದ ಮೇಲೆ ಅರ್ಧ ರೊಟ್ಟಿ ತಿಂದರೆ ಮತ್ತೆ ಇಳಿಯುವುದಿಲ್ಲ.

ಪೆನ್ನುಗಳ ವಿಷಯಕ್ಕೆ ಬಂದರೆ, ಮೊದಲಿನ ಉದ್ದ ಅವಧಿಯ ಇನ್ಸುಲಿನ್ ಬಿಳಿಚಾಗಿರುತ್ತಿತ್ತು, ಊಟದ್ದು ತಿಳಿಯಾಗಿರುತ್ತಿತ್ತು; ಓದು ಬಾರದವರೂ ಗುರುತು ಹಿಡಿಯುತ್ತಿದ್ದರು. ಗ್ಲಾರ್ಜಿನ್ ಬಂದ ಮೇಲೆ ಎರಡೂ ತಿಳಿ ನೀರೇ. ರಾತ್ರಿ ಮಲಗುವಾಗ ಗ್ಲಾರ್ಜಿನ್ ಎಂದು ಊಟದ ಪೆನ್ನನ್ನು ಇಪ್ಪತ್ತು ಯೂನಿಟ್ ಚುಚ್ಚಿಕೊಂಡರೆ ಅದು ಜೀವಕ್ಕೇ ಅಪಾಯ. ಹಾಗಾದಾಗ ಮಲಗಬಾರದು. ತಡಮಾಡದೆ ಸಿಹಿ ತಿನ್ನುತ್ತ ಆಸ್ಪತ್ರೆಗೆ ಹೋಗಬೇಕು. ಊಟದ ಪೆನ್ನಿಗೆ ಕೆಂಪು ದಾರ ಸುತ್ತಿ ಅಡುಗೆಮನೆಯಲ್ಲಿ ಇಡಿ, ಮಲಗುವ ಹೊತ್ತಿನದು ಹಾಸಿಗೆಯ ಕಡೆ ಇರಲಿ. ಸಿರಿಂಜು ಬಳಸುವವರು ಇನ್ನೊಂದು ನೋಡಬೇಕು. ನಮ್ಮ ದೇಶದಲ್ಲಿ ಬಾಟಲಿಯ ಹಳೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನು, ಕಾರ್ಟ್ರಿಜ್ಜಿನದು 100 ಯೂನಿಟ್ಟಿನದು. ಪೆನ್ನಿನ ಕಾರ್ಟ್ರಿಜ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಹತ್ತು ಎಂದುಕೊಂಡದ್ದು ಇಪ್ಪತ್ತೈದಾಗಿರುತ್ತದೆ.

ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಹೊಟ್ಟೆಯ ಮೇಲೆ ಗಂಟು ಕಟ್ಟಿಕೊಂಡವರಿದ್ದಾರೆ. ಅಲ್ಲಿ ನೋವಾಗುವುದಿಲ್ಲವೆಂದು ಅಲ್ಲೇ ಚುಚ್ಚುತ್ತಾರೆ. ಎಷ್ಟೇ ವೇಗದ ಇನ್ಸುಲಿನ್ನೂ ಗಂಟಿನೊಳಗೆ ಸಿಕ್ಕರೆ ನಿಧಾನವೇ. ಜಾಗ ಬದಲಿಸಿ, ಬದಲಿಸಿದ ದಿನ ಅಷ್ಟೇ ಯೂನಿಟ್ ಹೆಚ್ಚು ಕೆಲಸ ಮಾಡೀತು ಎಂಬ ಎಚ್ಚರವಿರಲಿ. ತೆರೆಯದ ಪೆನ್ನು ಫ್ರಿಜ್ಜಿನ ಬಾಗಿಲಲ್ಲಿ, ಬಳಕೆಯಲ್ಲಿರುವುದು ನೆರಳಿನಲ್ಲಿ, 30 ಡಿಗ್ರಿಯ ಒಳಗೆ, ನಾಲ್ಕು ವಾರ. ಏಪ್ರಿಲ್ ಮೇ ತಿಂಗಳಲ್ಲಿ ಮರಳು ಹಾಸಿ ನೀರು ಚಿಮುಕಿಸಿದ ಗಡಿಗೆಯೊಳಗೆ ಡಬ್ಬಿಯಲ್ಲಿಟ್ಟರೆ ಒಳ್ಳೆಯದು. ಬೈಕಿನ ಡಿಕ್ಕಿಯಲ್ಲಿ, ಬಸ್ಸಿನ ಕಿಟಕಿಯ ಬಿಸಿಲಲ್ಲಿ ಬೇಡ. ಐಸಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ.

ಹೊಸದು ಎಲ್ಲರಿಗೂ ಬೇಕೇ? ಬೇಕಿಲ್ಲ. ಬೆಲೆ ಹೆಚ್ಚು, ಸರಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವುದು ಹಳೆಯ ಮಾನವ ಇನ್ಸುಲಿನ್ನೇ. ಫಿಯಾಸ್ಪನ್ನು ಆಸ್ಪಾರ್ಟಿನ ಜೊತೆ ಹೋಲಿಸಿದ ದೊಡ್ಡ ಪ್ರಯೋಗದಲ್ಲೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯಲ್ಲಿ ಕಂಡ ವ್ಯತ್ಯಾಸ 0.15 ಮಾತ್ರ. ಹೊತ್ತಿಗೆ ಸರಿಯಾಗಿ ಉಣ್ಣುವವರು, ಅರ್ಧ ತಾಸು ಕಾಯಬಲ್ಲವರು, ಸಕ್ಕರೆ ಹದದಲ್ಲಿರುವವರು ಹಳೆಯದರಲ್ಲೇ ಚೆನ್ನಾಗಿರಬಹುದು. ನೆರೆಯವರು ಬದಲಿಸಿದರೆಂದು ಸಾಲ ಮಾಡಿ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಊಟದ ಹೊತ್ತು ತಮ್ಮ ಕೈಯಲ್ಲಿಲ್ಲದವರಿಗೆ, ಲಾರಿ ಓಡಿಸುವವರಿಗೆ, ಎಲ್ಲರದಾದ ಮೇಲೆ ಉಣ್ಣುವವರಿಗೆ, ಒಂದನೆಯ ವಿಧದ ಸಕ್ಕರೆ ಬ್ಯಾನಿಯ ಮಕ್ಕಳಿಗೆ ಇದು ನಿಜವಾದ ಅನುಕೂಲ.

ಶ್ರಾವಣ ಸೋಮವಾರ, ಏಕಾದಶಿಯ ಉಪವಾಸದವರಿಗೆ ಒಂದು ಮಾತು. ಊಟವಿಲ್ಲದಿದ್ದರೆ ಊಟದ ಸೂಜಿಯೂ ಇಲ್ಲ. ಆದರೆ ಉದ್ದ ಅವಧಿಯದನ್ನು ಡಾಕ್ಟರನ್ನು ಕೇಳದೆ ಬಿಡಬಾರದು, ಒಂದನೆಯ ವಿಧದವರಂತೂ ಬಿಡಲೇಬಾರದು. ಖಿಚಡಿ ತಿಂದರೆ ಅದು ಊಟವೇ.

ಕೊನೆಗೆ, ಸೂಜಿ ತೆಗೆದುಕೊಳ್ಳದವರಿಗೆ, ಅಂದರೆ ಮನೆಯವರಿಗೆ ಹೇಳಬೇಕಾದದ್ದು. ಸೂಜಿಯವರು ಮಂಕಾಗಿ ಮಾತು ತೊದಲಿದರೆ, ಸುಮ್ಮನೆ ಸಿಟ್ಟಿಗೆದ್ದರೆ, ಕುಡಿದಿದ್ದಾರೆ ಎಂದುಕೊಳ್ಳಬೇಡಿ. ಮೊದಲು ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಗಾಡಿ ಬಂದಾಗ ಅವರು ಬಳಸುವ ಪೆನ್ನನ್ನೂ ಜೊತೆಗೆ ಕೊಟ್ಟು ಕಳಿಸಿ; ಯಾವ ಇನ್ಸುಲಿನ್, ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂದೇ ಆಸ್ಪತ್ರೆಯವರು ಮೊದಲು ಕೇಳುವುದು.